ಕೇಳುವ ಸಭೆ, ಉತ್ತರಿಸುವ ಸಭೆ

(ಪಂಚಾಶತ್ತಮ ಹಬ್ಬದ ಚಿಂತನೆ)



ಪಂಚಾಶತ್ತಮ ಹಬ್ಬ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಬೆಂಕಿಯಂಥ ನಾಲಿಗೆಗಳು, ಬಿರುಗಾಳಿಯ ಸದ್ದು, ಪ್ರೇಷಿತರು ಬೇರೆ ಬೇರೆ ಭಾಷೆಗಳಲ್ಲಿ ಮಾತನಾಡಿದ ಅದ್ಭುತ. ಆ ದಿನ ಮಾತನಾಡಿದ ನಾಲಿಗೆಯನ್ನು ನಾವು ನೆನೆಯುತ್ತೇವೆ; ಆ ದಿನ ಕೇಳಿಸಿಕೊಂಡ ಕಿವಿಯನ್ನು ಮರೆಯುತ್ತೇವೆ. ಪ್ರೇಷಿತರ ಕಾರ್ಯಕಲಾಪಗಳ ಎರಡನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಅಲ್ಲಿ ಮಾತನಾಡಿದ್ದು ಪೇತ್ರ ಒಬ್ಬನೇ ಅಲ್ಲ. ನೆರೆದಿದ್ದ ಜನಸಮೂಹವೂ ಮಾತನಾಡಿತು.

ಮೊದಲು ಜನರು ಬೆರಗಾಗಿ, ಇದರ ಅರ್ಥವೇನು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಕೆಲವರು, ಇವರೆಲ್ಲ ಕುಡಿದು ಮತ್ತರಾಗಿದ್ದಾರೆ ಎಂದು ಗೇಲಿ ಮಾಡಿದರು. ಕೊನೆಗೆ ಪೇತ್ರನ ಮಾತು ಮನಸ್ಸಿಗೆ ನಾಟಿದಾಗ, ಹಾಗಾದರೆ ನಾವೇನು ಮಾಡಬೇಕು ಎಂದು ಕೇಳಿದರು. ಪೇತ್ರ ಈ ಮೂರರಲ್ಲಿ ಒಂದನ್ನೂ ಉತ್ತರವಿಲ್ಲದೆ ಬಿಡಲಿಲ್ಲ. ಗೇಲಿ ಮಾಡಿದವರಿಗೆ, ಇವರು ಕುಡಿದಿಲ್ಲ, ಈಗಿನ್ನೂ ಬೆಳಗಿನ ಒಂಬತ್ತು ಗಂಟೆ ಎಂದು ಸಮಾಧಾನದಿಂದಲೇ ಹೇಳಿದ. ಅರ್ಥ ಕೇಳಿದವರಿಗೆ ಪ್ರವಾದಿ ಯೋವೇಲನ ಮಾತನ್ನು ತೋರಿಸಿದ. ಏನು ಮಾಡಬೇಕು ಎಂದವರಿಗೆ ಪಶ್ಚಾತ್ತಾಪ ಮತ್ತು ಸ್ನಾನದೀಕ್ಷೆಯ ದಾರಿ ತೋರಿಸಿದ. ಆ ದಿನ ಸುಮಾರು 3000 ಮಂದಿ ಸಭೆಗೆ ಸೇರಿದರು.

ಹೀಗೆ ನೋಡಿದರೆ ಧರ್ಮಸಭೆಯ ಮೊಟ್ಟಮೊದಲ ಪ್ರಬೋಧನೆಯೇ ಜನರ ಪ್ರಶ್ನೆಗೆ ಕೊಟ್ಟ ಉತ್ತರ. ಇಂದು ಹಬ್ಬದ ನಿಮಿತ್ತ ನಾವು ಚಿಂತಿಸಬೇಕೆಂದಿರುವುದು ಇದೇ ವಿಷಯವನ್ನು. ನೂರಾರು ಕುಟುಂಬಗಳಿರುವ ಧರ್ಮಕೇಂದ್ರವಿರಲಿ, ಶಾಲೆ ಇರಲಿ, ಆಸ್ಪತ್ರೆ ಇರಲಿ, ಧಾರ್ಮಿಕ ಸಂಸ್ಥೆ ಇರಲಿ, ಅಲ್ಲಿರುವ ಎಲ್ಲರ ಮನಸ್ಸಿನಲ್ಲಿರುವುದನ್ನು ಕೇಳಿ ತಿಳಿಯುವುದು ಹೇಗೆ? ತಿಳಿದ ಮೇಲೆ ಅವರಿಗೆ ಉತ್ತರ ಹೇಳುವುದು ಹೇಗೆ? ಕೇಳುವುದು ಅರ್ಧ ಕೆಲಸ ಮಾತ್ರ. ಉತ್ತರ ಹೇಳಿದಾಗಲೇ ಅದು ಪೂರ್ತಿಯಾಗುತ್ತದೆ.

ಗೊಣಗಾಟಕ್ಕೆ ಸಿಕ್ಕ ಉತ್ತರ

ಸಭೆ ಬೆಳೆದಂತೆ ತೊಂದರೆಗಳೂ ಬೆಳೆದವು. ಆರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಗೊಣಗಾಟ ಶುರುವಾಗಿದೆ. ಗ್ರೀಕ್ ಭಾಷೆಯನ್ನಾಡುವ ವಿಶ್ವಾಸಿಗಳು ಹೀಬ್ರು ಭಾಷಿಕರ ಮೇಲೆ ದೂರು ಹೇಳುತ್ತಿದ್ದಾರೆ. ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬುದು ಅವರ ಅಳಲು. ಊಟದ ವಿಷಯ, ಭಾಷೆಯ ವಿಷಯ, ಬಡ ವಿಧವೆಯರ ವಿಷಯ. ಕನ್ನಡ, ಕೊಂಕಣಿ, ತಮಿಳು, ಮಲಯಾಳ, ಇಂಗ್ಲಿಷ್ ಎಂದು ಹಲವು ಭಾಷೆಗಳ ಜನ ಒಂದೇ ಗುಡಿಯ ಸೂರಿನಡಿ ಸೇರುವ ನಮ್ಮ ನಾಡಿನ ಧರ್ಮಕೇಂದ್ರಗಳಿಗೆ ಈ ದೂರು ಹೊಸದೇನಲ್ಲ.

ಪ್ರೇಷಿತರು ಇದಕ್ಕೆ ಏನು ಮಾಡಿದರು? ಗೊಣಗುವವರನ್ನು ಗದರಿಸಲಿಲ್ಲ. ವಿಶ್ವಾಸವಿಲ್ಲದವರು ಎಂದು ಹಣೆಪಟ್ಟಿ ಹಚ್ಚಲಿಲ್ಲ. ಶಿಷ್ಯರೆಲ್ಲರನ್ನೂ ಒಟ್ಟಿಗೆ ಕರೆದರು. ತಮ್ಮ ಮಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದರು: ದೇವರ ವಾಕ್ಯದ ಸೇವೆಯನ್ನು ಬಿಟ್ಟು ತಾವು ಹಂಚಿಕೆಯ ಮೇಲ್ವಿಚಾರಣೆಗೆ ನಿಲ್ಲುವುದು ಸರಿಯಲ್ಲ. ದಾರಿಯೊಂದನ್ನು ಸೂಚಿಸಿದರು: ಒಳ್ಳೆಯ ಹೆಸರಿರುವ ಏಳು ಮಂದಿಯನ್ನು ಆರಿಸಬೇಕು. ಆ ಆಯ್ಕೆಯನ್ನು ಜನರಿಗೇ ಬಿಟ್ಟರು. ಜನರು ಆರಿಸಿದ ಮೇಲೆ ಪ್ರಾರ್ಥಿಸಿ ಅವರ ಮೇಲೆ ಹಸ್ತವಿಟ್ಟರು.

ಆರಿಸಲ್ಪಟ್ಟವರ ಹೆಸರುಗಳನ್ನು ಗಮನಿಸಿ. ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಯಾರು ದೂರಿದರೋ ಅವರ ಕಡೆಯವರ ಕೈಗೇ ಹಂಚಿಕೆಯ ಹೊಣೆ ಹೋದಂತೆ ತೋರುತ್ತದೆ. ಇದರ ಫಲವನ್ನು ಲೂಕನು ಮರೆಯದೆ ಬರೆದಿದ್ದಾನೆ: ದೇವರ ವಾಕ್ಯ ಹಬ್ಬಿತು, ಶಿಷ್ಯರ ಸಂಖ್ಯೆ ಹೆಚ್ಚಿತು. ಅಹವಾಲಿಗೆ ಕಿವಿಗೊಟ್ಟರೆ ಸಭೆ ದುರ್ಬಲವಾಗುತ್ತದೆ ಎಂದು ಹೆದರುವವರಿಗೆ ಇದು ಸಾಕಾದ ಉತ್ತರ. ಗೊಣಗುವವನು ಇನ್ನೂ ಮನೆಯೊಳಗೇ ಇದ್ದಾನೆ. ಹೇಳಿ ಹೇಳಿ ಸಾಕಾಗಿ ಸುಮ್ಮನಾದವನು ಹೊಸಿಲು ದಾಟಿರುತ್ತಾನೆ. ನಾವು ಅಂಜಬೇಕಾದುದು ಆ ಮೌನಕ್ಕೆ.

ಜೆರುಸಲೇಮಿನಿಂದ ಬಂದ ಪತ್ರ

ಹದಿನೈದನೇ ಅಧ್ಯಾಯದಲ್ಲಿ ಇನ್ನೂ ದೊಡ್ಡ ಪ್ರಶ್ನೆ ಎದುರಾಯಿತು. ಅನ್ಯಧರ್ಮೀಯರಾಗಿದ್ದು ಕ್ರಿಸ್ತರನ್ನು ವಿಶ್ವಾಸಿಸಿದವರು ಸುನ್ನತಿ ಮಾಡಿಸಿಕೊಳ್ಳಬೇಕೇ? ಅಂತಿಯೋಕ್ಯದ ಸಭೆ ಪೌಲ, ಬಾರ್ನಬ ಮತ್ತಿತರರನ್ನು ಜೆರುಸಲೇಮಿಗೆ ಕಳುಹಿಸಿತು. ಅಲ್ಲಿ ಬಹಳ ಚರ್ಚೆ ನಡೆಯಿತು. ಪೇತ್ರ ಮಾತನಾಡಿದ, ಪೌಲ ಬಾರ್ನಬರು ತಾವು ಕಂಡದ್ದನ್ನು ವಿವರಿಸಿದರು, ಯಕೋಬ ಕೊನೆಯಲ್ಲಿ ಎಲ್ಲವನ್ನೂ ಕೂಡಿಸಿ ತೀರ್ಮಾನ ಹೇಳಿದ.

ನಾವು ಸಾಮಾನ್ಯವಾಗಿ ಆ ತೀರ್ಮಾನವನ್ನಷ್ಟೇ ನೆನಪಿಟ್ಟುಕೊಳ್ಳುತ್ತೇವೆ. ಅದನ್ನು ತಲುಪಿಸಿದ ರೀತಿಯೂ ಅಷ್ಟೇ ಮುಖ್ಯ. ಅವರು ಪತ್ರ ಬರೆದರು. ಆ ಪತ್ರದಲ್ಲಿ ಮೊದಲನೆಯದಾಗಿ, ನಮ್ಮವರಲ್ಲೇ ಕೆಲವರು ನಮ್ಮ ಅಪ್ಪಣೆಯಿಲ್ಲದೆ ಬಂದು ನಿಮ್ಮ ಮನಸ್ಸನ್ನು ಕದಡಿದ್ದಾರೆ ಎಂದು ಆದ ನೋವನ್ನು ಒಪ್ಪಿಕೊಂಡರು. ಎರಡನೆಯದಾಗಿ, ಈ ತೀರ್ಮಾನ ಯಾರದು ಎಂದು ತಿಳಿಸಿದರು. ಪವಿತ್ರಾತ್ಮರದು ಮತ್ತು ತಮ್ಮದು. ಮೂರನೆಯದಾಗಿ, ಅಗತ್ಯವಾದವುಗಳ ಹೊರತು ಬೇರೆ ಹೊರೆ ಹೊರಿಸುವುದಿಲ್ಲ ಎಂದು ಹೇಳಿ, ಆ ಅಗತ್ಯವಾದವು ಯಾವುವು ಎಂಬುದನ್ನು ಒಂದೊಂದಾಗಿ ಬರೆದರು. ಪತ್ರವನ್ನು ಕಳುಹಿಸಿ ಸುಮ್ಮನಾಗಲಿಲ್ಲ. ಬಾಯಿಮಾತಿನಲ್ಲೂ ವಿವರಿಸಲೆಂದು ಯೂದ ಮತ್ತು ಸೀಲರನ್ನು ಜೊತೆಗೆ ಕಳುಹಿಸಿದರು. ಅಂತಿಯೋಕ್ಯದಲ್ಲಿ ಎಲ್ಲರನ್ನೂ ಸೇರಿಸಿ ಪತ್ರ ಓದಿದಾಗ ಜನರಿಗೆ ಸಂತೋಷವೂ ಸಮಾಧಾನವೂ ಆಯಿತು.

ಕೇಳಿದವರ ಬಳಿಗೇ ಉತ್ತರ ಮರಳಿ ಹೋಯಿತು ಎಂಬುದೇ ಇಲ್ಲಿನ ತಿರುಳು. ಜೆರುಸಲೇಮಿನಲ್ಲಿ ಒಳ್ಳೆಯ ತೀರ್ಮಾನ ಮಾಡಿ ಅದನ್ನು ಅಲ್ಲೇ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಅಂತಿಯೋಕ್ಯದವರ ಕಳವಳ ಹಾಗೆಯೇ ಉಳಿಯುತ್ತಿತ್ತು.

ಸಭೆಯ ಇತಿಹಾಸದಲ್ಲಿ

ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ನಿಯಮಾವಳಿ ಬರೆದಾಗ ಮೂರನೇ ಅಧ್ಯಾಯವನ್ನೇ ಸಮಾಲೋಚನೆಗೆ ಮೀಸಲಿಟ್ಟರು. ಮುಖ್ಯ ವಿಷಯವೊಂದು ಬಂದಾಗ ಮಠಾಧಿಪತಿ ಇಡೀ ಸಮುದಾಯವನ್ನು ಕರೆದು, ವಿಷಯವೇನೆಂದು ತಾನೇ ವಿವರಿಸಿ, ಎಲ್ಲರ ಮಾತನ್ನೂ ಕೇಳಿ, ಆಮೇಲೆ ತೀರ್ಮಾನಿಸಬೇಕು. ಎಲ್ಲರನ್ನೂ ಏಕೆ ಕರೆಯಬೇಕು ಎಂಬುದಕ್ಕೆ ಅವರು ಕೊಡುವ ಕಾರಣ ಮನಮುಟ್ಟುವಂಥದು: ಎಷ್ಟೋ ಬಾರಿ ಪ್ರಭು ಉತ್ತಮವಾದುದನ್ನು ಕಿರಿಯನಿಗೇ ತಿಳಿಯಪಡಿಸುತ್ತಾರೆ.

1849ರ ಫೆಬ್ರವರಿ 2ರಂದು ಜಗದ್ಗುರು ಒಂಬತ್ತನೇ ಪಿಯುಸ್‌ರವರು ರೋಮ್ ತೊರೆದು ಗಯೇತಾದಲ್ಲಿ ನೆಲೆಸಿದ್ದಾಗ ಲೋಕದ ಧರ್ಮಾಧ್ಯಕ್ಷರೆಲ್ಲರಿಗೂ ಪತ್ರ ಬರೆದರು. ಮಾತೆ ಮರಿಯಮ್ಮನವರ ಅಮಲೋದ್ಭವದ ಬಗ್ಗೆ ನಿಮ್ಮ ಗುರುಗಳ ಮತ್ತು ವಿಶ್ವಾಸಿಗಳ ಭಕ್ತಿ ಹೇಗಿದೆ ಎಂದು ಕೇಳಿದರು. ಉತ್ತರ ಬರೆದ 603 ಧರ್ಮಾಧ್ಯಕ್ಷರಲ್ಲಿ 546 ಮಂದಿ ವಿಶ್ವಾಸಸತ್ಯವಾಗಿ ಘೋಷಿಸುವುದನ್ನು ಬೆಂಬಲಿಸಿದರು. 1854ರ ಡಿಸೆಂಬರ್ 8ರಂದು ಘೋಷಣೆಯಾಯಿತು. ಇದೇ ಕ್ರಮವನ್ನು ಹನ್ನೆರಡನೇ ಪಿಯುಸ್‌ರವರು 1946ರಲ್ಲಿ ಅನುಸರಿಸಿ, 1950ರಲ್ಲಿ ಮಾತೆಯ ಸ್ವರ್ಗಸ್ವೀಕಾರವನ್ನು ಘೋಷಿಸಿದರು.

ದ್ವಿತೀಯ ವ್ಯಾಟಿಕನ್ ಮಹಾಸಭೆಗೆ ಮುಂಚೆಯೂ ಹೀಗೆಯೇ ಆಯಿತು. 1959ರ ಜೂನ್‌ನಲ್ಲಿ ಕಾರ್ಡಿನಲ್ ತಾರ್ದಿನಿಯವರು ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ ಸಿದ್ಧಪಡಿಸಿದ ಪ್ರಶ್ನಾವಳಿ ಇರಲಿಲ್ಲ. ಮಹಾಸಭೆ ಯಾವ ವಿಷಯಗಳನ್ನು ಕೈಗೆತ್ತಿಕೊಳ್ಳಬೇಕು ಎಂದು ಮುಕ್ತವಾಗಿ ಬರೆಯಿರಿ ಎಂದಷ್ಟೇ ಕೇಳಲಾಗಿತ್ತು. ಸುಮಾರು 2000 ಉತ್ತರಗಳು ಬಂದವು. ಪ್ರಶ್ನೆ ಕೇಳುವ ರೀತಿಯೂ ಉತ್ತರವನ್ನು ರೂಪಿಸುತ್ತದೆ. ಹೌದು ಅಥವಾ ಇಲ್ಲ ಎಂಬ ಎರಡೇ ಬಾಗಿಲು ತೆರೆದಿಟ್ಟರೆ, ಮೂರನೆಯ ಮಾತನ್ನು ಹೇಳಬೇಕೆಂದು ಬಂದವನು ಹೊರಗೇ ನಿಲ್ಲಬೇಕಾಗುತ್ತದೆ.

2021ರಿಂದ 2024ರವರೆಗಿನ ಸಿನೋಡ್

ನಮ್ಮ ಕಾಲದಲ್ಲಿ ಈ ಕೆಲಸ ಹಿಂದೆಂದೂ ಆಗದಷ್ಟು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಜಗದ್ಗುರು ಫ್ರಾನ್ಸಿಸ್‌ರವರು 2021ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ಸಿನೋಡನ್ನು ಉದ್ಘಾಟಿಸಿದರು. ಅದೇ ತಿಂಗಳ 17ರಂದು ಲೋಕದ ಧರ್ಮಕ್ಷೇತ್ರಗಳಲ್ಲಿ ಆರಂಭವಾಯಿತು. ಧರ್ಮಾಧ್ಯಕ್ಷರಷ್ಟೇ ಅಲ್ಲ, ಸ್ನಾನದೀಕ್ಷೆ ಪಡೆದ ಎಲ್ಲರೂ ಮಾತನಾಡಬೇಕು ಎಂಬುದು ಅದರ ಆಶಯ. ಕುಟುಂಬವನ್ನು ಕುರಿತ 2014ರ ಸಿನೋಡಿಗೆ ಮುಂಚೆ ಸುಮಾರು 40 ಪ್ರಶ್ನೆಗಳ ಪಟ್ಟಿಯನ್ನು ಕಳುಹಿಸಲಾಗಿತ್ತು. ಅದರ ಭಾಷೆ ಜನಸಾಮಾನ್ಯರಿಗೆ ಕಠಿಣ ಎಂಬ ಮಾತು ಹಲವು ಕಡೆಯಿಂದ ಬಂತು. ಈ ಬಾರಿ ಮೂಲ ಪ್ರಶ್ನೆ ಒಂದೇ. ನಿಮ್ಮ ಸಭೆಯಲ್ಲಿ ಜೊತೆಯಾಗಿ ನಡೆಯುವುದು ಇಂದು ಹೇಗೆ ನಡೆದಿದೆ, ಅದರಲ್ಲಿ ಬೆಳೆಯಲು ಪವಿತ್ರಾತ್ಮರು ಯಾವ ಹೆಜ್ಜೆಯಿಡಲು ಕರೆಯುತ್ತಿದ್ದಾರೆ?

ಧರ್ಮಕೇಂದ್ರಗಳ ಮಾತು ಧರ್ಮಕ್ಷೇತ್ರಕ್ಕೆ, ಧರ್ಮಕ್ಷೇತ್ರದ ವರದಿ ದೇಶದ ಧರ್ಮಾಧ್ಯಕ್ಷರ ಮಂಡಳಿಗೆ, ಅಲ್ಲಿಂದ ರೋಮ್‌ಗೆ ಹೋಯಿತು. ಲೋಕದ 114 ಮಂಡಳಿಗಳಲ್ಲಿ 112 ತಮ್ಮ ವರದಿ ಕಳುಹಿಸಿದವು. ಅವನ್ನೆಲ್ಲ ಓದಿದ ತಜ್ಞರ ಗುಂಪು ರೋಮ್ ಬಳಿಯ ಫ್ರಸ್ಕಾತಿಯಲ್ಲಿ ಸೇರಿ ಒಂದು ದಸ್ತಾವೇಜನ್ನು ಸಿದ್ಧಪಡಿಸಿತು. ಗುಡಾರದ ಸ್ಥಳವನ್ನು ವಿಸ್ತರಿಸು ಎಂಬ ಪ್ರವಾದಿ ಯೆಶಾಯನ ಕರೆಯನ್ನು ಅದು ತಲೆಬರಹವಾಗಿ ಹೊತ್ತಿತ್ತು. 2022ರ ಅಕ್ಟೋಬರ್ 27ರಂದು ಅದನ್ನು ಪ್ರಕಟಿಸಿ, ಮರಳಿ ಎಲ್ಲ ಧರ್ಮಕ್ಷೇತ್ರಗಳಿಗೆ ಕಳುಹಿಸಲಾಯಿತು. ಇದರಲ್ಲಿ ನಿಮ್ಮ ಅನುಭವಕ್ಕೆ ಹೊಂದುವುದು ಯಾವುದು, ಯಾವ ಭಿನ್ನಾಭಿಪ್ರಾಯಗಳು ಉಳಿದಿವೆ, ಮೊದಲು ಏನಾಗಬೇಕು ಎಂದು ಮತ್ತೆ ಕೇಳಲಾಯಿತು. ನೀವು ಹೇಳಿದ್ದನ್ನು ನಾವು ಹೀಗೆ ತಿಳಿದುಕೊಂಡಿದ್ದೇವೆ, ಸರಿಯೇ ಎಂದು ಕೇಳಿದಂತೆ ಇದು. ಏಷ್ಯಾ ಖಂಡದ ಸಭೆ 2023ರ ಫೆಬ್ರವರಿ 24ರಿಂದ 26ರವರೆಗೆ ಬ್ಯಾಂಕಾಕ್‌ನಲ್ಲಿ ನಡೆಯಿತು.

ಬಳಿಕ 2023 ಮತ್ತು 2024ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ಎರಡು ಅಧಿವೇಶನಗಳಾದವು. ಧರ್ಮಾಧ್ಯಕ್ಷರ ಜೊತೆ ಗುರುಗಳು, ಕನ್ಯಾಸ್ತ್ರೀಯರು, ಶ್ರೀಸಾಮಾನ್ಯರು ದುಂಡು ಮೇಜುಗಳ ಸುತ್ತ ಕುಳಿತರು. ಮಹಿಳೆಯರಿಗೆ ಮೊದಲ ಬಾರಿಗೆ ಮತದ ಹಕ್ಕು ದೊರೆಯಿತು. ಒಬ್ಬೊಬ್ಬರೂ ಮಾತನಾಡುವುದು, ನಡುವೆ ಮೌನವಾಗಿ ಪ್ರಾರ್ಥಿಸುವುದು, ಆಮೇಲೆ ಇತರರ ಮಾತಿನಲ್ಲಿ ತನ್ನನ್ನು ತಟ್ಟಿದ್ದನ್ನು ಹೇಳುವುದು, ಕೊನೆಗೆ ಒಟ್ಟಾಗಿ ಏನು ಮೂಡಿತೆಂದು ಕಂಡುಕೊಳ್ಳುವುದು: ಇದು ಅಲ್ಲಿನ ಕ್ರಮ. ತನ್ನ ಮಾತನ್ನು ಗೆಲ್ಲಿಸುವ ಚರ್ಚೆಗೂ ಇದಕ್ಕೂ ಬಹಳ ಅಂತರವಿದೆ.

2024ರ ಅಕ್ಟೋಬರ್ 26ರಂದು 155 ಪರಿಚ್ಛೇದಗಳ ಅಂತಿಮ ದಸ್ತಾವೇಜಿಗೆ ಒಪ್ಪಿಗೆ ಸಿಕ್ಕಿತು. ಪ್ರತಿಯೊಂದು ಪರಿಚ್ಛೇದಕ್ಕೆ ಬಿದ್ದ ಪರ ಮತ್ತು ವಿರೋಧ ಮತಗಳ ಸಂಖ್ಯೆಯನ್ನೂ ಪ್ರಕಟಿಸಲಾಯಿತು. ಮಹಿಳೆಯರ ಸೇವೆಯನ್ನು ಕುರಿತ 60ನೇ ಪರಿಚ್ಛೇದಕ್ಕೆ 258 ಪರ, 97 ವಿರೋಧ. ಒಪ್ಪದವರಿದ್ದಾರೆ ಎಂಬುದನ್ನು ಸಭೆ ಬಚ್ಚಿಡಲಿಲ್ಲ. ಕೂಡಲೇ ತೀರ್ಮಾನಿಸಲಾಗದ ಕೆಲವು ವಿಷಯಗಳನ್ನು 2024ರ ಮಾರ್ಚ್‌ನಲ್ಲೇ 10 ಅಧ್ಯಯನ ಗುಂಪುಗಳಿಗೆ ವಹಿಸಲಾಗಿತ್ತು. ಇದರಿಂದ ಕೆಲವರಿಗೆ ಬೇಸರವಾಯಿತು ನಿಜ. ಆದರೂ ಪ್ರಶ್ನೆ ಎಲ್ಲಿದೆ ಎಂಬುದು ಎಲ್ಲರಿಗೂ ತಿಳಿದಿತ್ತು.

ಹಾಗೆಂದು ಎಲ್ಲವೂ ಸರಿಯಾಗಿಯೇ ನಡೆಯಿತು ಎನ್ನುವಂತಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಧರ್ಮಾಧ್ಯಕ್ಷರ ವರದಿಯ ಪ್ರಕಾರ ಅಲ್ಲಿನ 6 ಕೋಟಿ 68 ಲಕ್ಷ ಕಥೋಲಿಕರಲ್ಲಿ ಭಾಗವಹಿಸಿದವರು ಸುಮಾರು 7 ಲಕ್ಷ. ನೂರಕ್ಕೆ ಒಬ್ಬರು. ಇನ್ನೊಂದು ಪ್ರಶ್ನೆಯನ್ನು ನಮ್ಮ ನಮ್ಮ ಧರ್ಮಕೇಂದ್ರಗಳಲ್ಲಿ ನಾವೇ ಕೇಳಿಕೊಳ್ಳಬೇಕು. ಅಂದು ಅನಿಸಿಕೆ ಹೇಳಿದ ಮನೆಗಳಿಗೆ, ಅದರಿಂದ ಏನಾಯಿತು ಎಂಬ ಸುದ್ದಿ ತಲುಪಿತೇ? ರೋಮ್‌ನಿಂದ ಮರಳಿ ಬಂದ ದಸ್ತಾವೇಜನ್ನು ಅವರು ಕಣ್ಣಾರೆ ಕಂಡರೇ? ಮೇಲೆ ಹೋಗುವ ದಾರಿ ಸವೆದಿದ್ದು ಕೆಳಗಿಳಿಯುವ ದಾರಿಯಲ್ಲಿ ಹುಲ್ಲು ಬೆಳೆದಿದ್ದರೆ, ಮುಂದಿನ ಬಾರಿ ಕೇಳಿದಾಗ ಜನ ಬಾಯಿ ತೆರೆಯುವುದಿಲ್ಲ. ಕೇಳದೆ ಇರುವುದಕ್ಕಿಂತಲೂ, ಕೇಳಿ ಉತ್ತರಿಸದೆ ಇರುವುದು ಹೆಚ್ಚು ನೋಯಿಸುತ್ತದೆ.

ಇದು ಮತದಾನವೇ?

ಎಲ್ಲರನ್ನೂ ಕೇಳುವುದಾದರೆ ಸಭೆ ಬಹುಮತದಿಂದ ನಡೆಯಬೇಕೇ ಎಂದು ಕೆಲವರು ಕೇಳುತ್ತಾರೆ. ಸಂತ ಜಾನ್ ಹೆನ್ರಿ ನ್ಯೂಮನ್‌ರವರು 1859ರಲ್ಲಿ ವಿಶ್ವಾಸಿಗಳ ಅಭಿಪ್ರಾಯವನ್ನು ಕೇಳುವ ಬಗ್ಗೆ ಬರೆದ ಲೇಖನದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ರೋಗಿ ವೈದ್ಯರನ್ನು ಕೇಳುವುದು ಒಂದು ಬಗೆ, ವೈದ್ಯರು ರೋಗಿಯ ನಾಡಿ ನೋಡುವುದು ಇನ್ನೊಂದು ಬಗೆ. ನಾಡಿಯು ವೈದ್ಯರಿಗೆ ಅಪ್ಪಣೆ ಕೊಡುವುದಿಲ್ಲ. ಆದರೆ ನಾಡಿ ನೋಡದ ವೈದ್ಯರಿಗೆ ರೋಗ ತಿಳಿಯುವುದಿಲ್ಲ. ನಾಲ್ಕನೇ ಶತಮಾನದಲ್ಲಿ ಆರಿಯುಸನ ಬೋಧೆಯಿಂದ ಎಷ್ಟೋ ಧರ್ಮಾಧ್ಯಕ್ಷರು ತಡವರಿಸಿದಾಗ ವಿಶ್ವಾಸವನ್ನು ಕಾಪಾಡಿಕೊಂಡವರು ಸಾಮಾನ್ಯ ಜನರೇ ಎಂಬುದನ್ನೂ ಅವರು ನೆನಪಿಸಿದರು. ಆ ಬರಹಕ್ಕಾಗಿ ಅಂದು ಅನುಮಾನಕ್ಕೆ ಗುರಿಯಾದ ಅವರನ್ನು 2025ರ ನವೆಂಬರ್ 1ರಂದು ಜಗದ್ಗುರು ಹದಿನಾಲ್ಕನೇ ಲಿಯೋರವರು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು.

1983ರ ಧರ್ಮಸಭಾ ಕಾನೂನು ಸಂಹಿತೆಯೂ ಇದನ್ನೇ ಹೇಳುತ್ತದೆ. 212ನೇ ವಿಧಿಯ ಪ್ರಕಾರ ಸಭೆಯ ಒಳಿತಿಗೆ ಸಂಬಂಧಿಸಿದ ವಿಷಯಗಳಲ್ಲಿ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ. 537ನೇ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕು. ಜನರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಜನರಿಗೆ ಒಪ್ಪಿಸಬೇಕು ಎನ್ನುತ್ತದೆ 1287ನೇ ವಿಧಿ. ಪಾಲನಾ ಸಮಿತಿಯ ಮತ ಸಲಹೆಯ ರೂಪದ್ದು ಎಂದು 536ನೇ ವಿಧಿ ಹೇಳುತ್ತದೆ. ಆದರೆ ಸಲಹೆ ಎಂದರೆ ಕೇಳಿ ಬದಿಗಿಡುವುದು ಎಂದಲ್ಲ. ಸಮಾಲೋಚನೆಯಲ್ಲಿ ಮೂಡಿದ ದಿಕ್ಕನ್ನು ಅಧಿಕಾರದಲ್ಲಿರುವವರು ಕಡೆಗಣಿಸುವಂತಿಲ್ಲ ಎಂದು 2024ರ ದಸ್ತಾವೇಜು ಸ್ಪಷ್ಟವಾಗಿ ತಿಳಿಸಿದೆ. ತೀರ್ಮಾನಿಸುವ ಹೊಣೆ ಗುರುಗಳ ಮೇಲಿದೆ; ಹಾಗೆಯೇ ತೀರ್ಮಾನದ ಕಾರಣ ಹೇಳುವ ಹೊಣೆಯೂ ಅವರ ಮೇಲಿದೆ.

ನಮ್ಮ ಧರ್ಮಕೇಂದ್ರಗಳಲ್ಲಿ ಹೇಗೆ?

ಮೊದಲನೆಯದು, ಸಣ್ಣ ಗುಂಪುಗಳಲ್ಲಿ ಕೇಳುವುದು. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ಅಹವಾಲು ಕೇಳುತ್ತಿದ್ದಾಗ ಮಾವ ಇತ್ರೋ ಬಂದು, ಹೀಗಾದರೆ ನೀನೂ ದಣಿಯುತ್ತೀ ಜನರೂ ದಣಿಯುತ್ತಾರೆ ಎಂದು ಬುದ್ಧಿ ಹೇಳಿದ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬ ನಾಯಕನನ್ನು ನೇಮಿಸುವ ಉಪಾಯ ಆತನದು. ನಮ್ಮ ಲೆಕ್ಕವೂ ಅಷ್ಟೇ. 600 ಕುಟುಂಬಗಳಿರುವ ಧರ್ಮಕೇಂದ್ರದಲ್ಲಿ ಗುರುಗಳು ದಿನಕ್ಕೊಂದು ಮನೆಗೆ ಹೋಗಿ ಕೇಳಿದರೆ ಒಂದೂವರೆ ವರ್ಷ ದಾಟುತ್ತದೆ. 25 ಮನೆಗಳಿಗೊಂದರಂತೆ 24 ಕಿರು ಕ್ರೈಸ್ತ ಸಮುದಾಯಗಳು ಒಂದೊಂದು ಸಂಜೆ ಕುಳಿತರೆ ಒಂದೇ ತಿಂಗಳಲ್ಲಿ ಎಲ್ಲರ ಮಾತೂ ಬರುತ್ತದೆ.

ಎರಡನೆಯದು, ಪ್ರಶ್ನೆ ಕಡಿಮೆ ಇರಲಿ, ಸರಳವಾಗಿರಲಿ. ಪೂಜೆಯ ವೇಳೆ ಸರಿಯಾಗಿದೆಯೇ ಎಂದು ಕೇಳಿದರೆ ಹೌದು ಸ್ವಾಮಿ ಎನ್ನುತ್ತಾರೆ. ಭಾನುವಾರ ಪೂಜೆಗೆ ಬರಲು ನಿಮಗೆ ಏನು ಕಷ್ಟ ಎಂದು ಕೇಳಿದರೆ ಬಸ್ಸಿನ ವಿಷಯ, ಮಗುವಿನ ಟ್ಯೂಷನ್ ವಿಷಯ, ಮಂಡಿನೋವಿನ ವಿಷಯ ಹೊರಬರುತ್ತದೆ.

ಮೂರನೆಯದು, ಬಾರದವರನ್ನು ಹುಡುಕಿಕೊಂಡು ಹೋಗುವುದು. ಸಭೆ ಕರೆದಾಗ ಮಾತನಾಡುವವರು ಎಂದಿನವರೇ. ರಾತ್ರಿ ಪಾಳಿಯಲ್ಲಿ ದುಡಿಯುವವರು, ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು, ಕಾಫಿ ತೋಟದ ಕೂಲಿಯವರು, ಹಾಸಿಗೆ ಹಿಡಿದವರು, ಹೊಸದಾಗಿ ಬಾಡಿಗೆ ಮನೆಗೆ ಬಂದವರು, ಬೇರೆ ಭಾಷೆಯವರು, ಯಾವುದೋ ನೋವಿನಿಂದ ಗುಡಿಗೆ ಬರುವುದನ್ನೇ ಬಿಟ್ಟವರು. ಇವರ ಮಾತಿಲ್ಲದ ವರದಿ ಪೂರ್ಣವಲ್ಲ. ಅಂದು ಕಡೆಗಣಿತರಾದ ವಿಧವೆಯರ ಸಾಲಿನಲ್ಲಿ ಇಂದು ನಿಂತಿರುವವರು ಇವರೇ.

ನಾಲ್ಕನೆಯದು, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳುವುದು. ಹೆಸರು ಬೇಡ; ಮಾತು ಅವರದೇ ಇರಲಿ. ಐವತ್ತು ಮಂದಿ ಹೇಳಿದ್ದನ್ನು ಎಣಿಸಿ ಬರೆಯಬೇಕು, ಒಬ್ಬರೇ ಹೇಳಿದ್ದನ್ನೂ ಬಿಡಬಾರದು. ಗುಡಿಯ ಮೆಟ್ಟಿಲಿಗೆ ಕೈಹಿಡಿ ಬೇಕು ಎಂದು ಒಬ್ಬ ಅಜ್ಜಿ ಮಾತ್ರ ಹೇಳಿರಬಹುದು. ಆ ಮೆಟ್ಟಿಲು ಹತ್ತಲಾರದೆ ಮನೆಯಲ್ಲೇ ಉಳಿದ ಹಲವರ ಪರವಾಗಿ ಅವರು ಮಾತನಾಡಿರುತ್ತಾರೆ. ಬರೆದುದನ್ನು ಅದೇ ಗುಂಪಿಗೆ ಓದಿ ಹೇಳಿ, ನೀವು ಹೇಳಿದ್ದು ಇದೇ ತಾನೇ ಎಂದು ಕೇಳಬೇಕು.

ಐದನೆಯದು, ಉತ್ತರ. ಬಂದ ಮಾತುಗಳನ್ನು ಪಾಲನಾ ಸಮಿತಿ ಮೂರು ಬುಟ್ಟಿಗಳಲ್ಲಿ ಹಾಕಬಹುದು. ಆಗುವಂಥವು: ಯಾರು ಮಾಡುತ್ತಾರೆ, ಯಾವ ದಿನದೊಳಗೆ ಎಂದು ಹೇಳಬೇಕು. ಆಗದಂಥವು: ಏಕೆ ಆಗದು ಎಂಬ ಕಾರಣವನ್ನು ನೇರವಾಗಿ ಹೇಳಬೇಕು. ಇನ್ನೂ ತೀರ್ಮಾನವಾಗದವು: ಈಗ ಯಾರ ಮುಂದಿದೆ, ಮತ್ತೆ ಯಾವಾಗ ತಿಳಿಸುತ್ತೇವೆ ಎಂದು ಹೇಳಬೇಕು. ಇದನ್ನು ಪೂಜೆಯ ಕೊನೆಯ ಪ್ರಕಟಣೆಯಲ್ಲಿ ಓದಿ, ಸೂಚನಾ ಫಲಕದಲ್ಲಿ ಎಲ್ಲ ಭಾಷೆಗಳಲ್ಲೂ ಹಾಕಬೇಕು. ಅಂತಿಯೋಕ್ಯಕ್ಕೆ ಯೂದ ಸೀಲರು ಹೋದಂತೆ, ಸಮಿತಿಯ ಇಬ್ಬರು ಪ್ರತಿ ಕಿರು ಸಮುದಾಯಕ್ಕೂ ಹೋಗಿ ಬಾಯಿಮಾತಿನಲ್ಲಿ ವಿವರಿಸಬೇಕು. ಆಗದು ಎಂಬ ಉತ್ತರವನ್ನೂ ಜನ ಸಹಿಸುತ್ತಾರೆ. ಉತ್ತರವೇ ಇಲ್ಲದಿರುವುದನ್ನು ಸಹಿಸುವುದು ಕಷ್ಟ.

ಆರನೆಯದು, ಒಂದು ವರ್ಷದ ಬಳಿಕ ಅದೇ ಪಟ್ಟಿಯನ್ನು ಮತ್ತೆ ತೆರೆಯುವುದು. ಹೇಳಿದ್ದರಲ್ಲಿ ಎಷ್ಟು ನಡೆಯಿತು, ಎಷ್ಟು ಉಳಿಯಿತು ಎಂದು ಜನರ ಮುಂದೆ ಲೆಕ್ಕ ಒಪ್ಪಿಸುವುದು.

ಒಂದು ಎಚ್ಚರಿಕೆಯ ಮಾತು. ವ್ಯಕ್ತಿಯೊಬ್ಬರ ಮೇಲಿನ ಗಂಭೀರ ದೂರು, ಅದರಲ್ಲೂ ಮಕ್ಕಳ ಮೇಲಿನ ದೌರ್ಜನ್ಯದ ವಿಷಯ, ಗುಂಪಿನಲ್ಲಿ ಓದುವಂಥದಲ್ಲ. ಬುಟ್ಟಿಗೆ ಹಾಕಿ ಇಡುವಂಥದೂ ಅಲ್ಲ. 2012ರ ಪೋಕ್ಸೊ ಕಾಯಿದೆಯಂತೆ ಅಂಥದನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. 2019ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಹೊರಡಿಸಿದ ಆಜ್ಞಾಪತ್ರದಂತೆ ದೂರು ಸ್ವೀಕರಿಸುವ ವ್ಯವಸ್ಥೆ ಧರ್ಮಕ್ಷೇತ್ರಗಳಲ್ಲಿ ಎಲ್ಲರಿಗೂ ತಿಳಿಯುವಂತೆ ಇರಬೇಕು.

ಮೂಗರ್ಜಿಗಳ ಬಗ್ಗೆ ಹಲವರಿಗೆ ಬೇಸರವಿದೆ. ಹೆಸರಿಲ್ಲದೆ ಬರೆದು ಇನ್ನೊಬ್ಬರ ಮಾನ ಕಳೆಯುವುದು ಪಾಪವೇ. ಆದರೆ ಹೆಸರು ಹೇಳಿ ಮಾತನಾಡಲು ಹೆದರಿಕೆಯಿಲ್ಲದ ಜಾಗವಿದ್ದಲ್ಲಿ ಮೂಗರ್ಜಿಗಳು ತಾವಾಗಿ ಕಡಿಮೆಯಾಗುತ್ತವೆ. ಮಾತನಾಡುವ ಜನರಿಗೂ ಒಂದು ಹೊಣೆಯಿದೆ. ಕಂಡದ್ದನ್ನು ಹೇಳಬೇಕು, ಕೇಳಿದ ಗಾಳಿಮಾತನ್ನಲ್ಲ. ತನ್ನ ಮನೆಯ ಅನುಕೂಲವನ್ನಷ್ಟೇ ಅಲ್ಲ, ಪಕ್ಕದ ಮನೆಯ ಕಷ್ಟವನ್ನೂ ಹೇಳಬೇಕು. ತನ್ನ ಮಾತು ನಡೆಯದಿದ್ದಾಗ ಸಭೆಯನ್ನು ತೊರೆಯಬಾರದು.

ಈ ಹಬ್ಬದ ಕರೆ

ಜಗದ್ಗುರು ಫ್ರಾನ್ಸಿಸ್‌ರವರು 2025ರ ಏಪ್ರಿಲ್ 21ರಂದು ಪ್ರಭುವಿನ ಸನ್ನಿಧಿ ಸೇರಿದರು. ಅವರು ತೊಡಗಿಸಿದ ಕೆಲಸ ನಿಂತಿಲ್ಲ. ಸಿನೋಡಿನ ತೀರ್ಮಾನಗಳು ಎಷ್ಟರಮಟ್ಟಿಗೆ ಜಾರಿಗೆ ಬಂದಿವೆ ಎಂದು ನೋಡಲು 2027ರ ಮೊದಲ ಭಾಗದಲ್ಲಿ ಧರ್ಮಕ್ಷೇತ್ರಗಳಲ್ಲೂ, ಎರಡನೇ ಭಾಗದಲ್ಲಿ ದೇಶಗಳ ಮಟ್ಟದಲ್ಲೂ ಸಭೆಗಳು ನಡೆದು, 2028ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ಮಹಾ ಸಮಾವೇಶವಾಗಬೇಕೆಂದು ನಿಗದಿಯಾಗಿದೆ. ಅಂದರೆ ನಮ್ಮನ್ನು ಮತ್ತೆ ಕೇಳಲಾಗುತ್ತದೆ. ಆಗ ಜನರು ಮನಬಿಚ್ಚಿ ಮಾತನಾಡಬೇಕಾದರೆ, ಈ ಹಿಂದೆ ಹೇಳಿದ್ದಕ್ಕೆ ಉತ್ತರ ಸಿಕ್ಕಿರಬೇಕು.

ಆದ್ದರಿಂದ ಈ ಹಬ್ಬದಂದು ಪ್ರತಿ ಧರ್ಮಕೇಂದ್ರದ ಪಾಲನಾ ಸಮಿತಿ ಒಂದು ಸಣ್ಣ ಕೆಲಸವನ್ನು ಕೈಗೆತ್ತಿಕೊಳ್ಳಲಿ ಎಂಬುದು ನಮ್ಮ ಕೋರಿಕೆ. ಹೊಸ ಪ್ರಶ್ನೆ ಬೇಡ. ಜನರು ಈಗಾಗಲೇ ಹೇಳಿರುವ, ಆದರೆ ಇನ್ನೂ ಉತ್ತರ ಸಿಗದಿರುವ ಐದು ಮಾತುಗಳನ್ನು ಹಳೆಯ ಕಡತದಿಂದ ಹುಡುಕಿ ತೆಗೆಯಲಿ. ಪ್ರಾರ್ಥಿಸಿ, ಚರ್ಚಿಸಿ, ಪವಿತ್ರ ತ್ರಿತ್ವದ ಹಬ್ಬದ ಭಾನುವಾರ ಅವುಗಳಿಗೆ ಉತ್ತರ ಹೇಳಲಿ. ಆಗುವುದಾದರೆ ಆಗುತ್ತದೆ ಎಂದು, ಆಗದಿದ್ದರೆ ಆಗದು ಎಂದು.

ಪಂಚಾಶತ್ತಮ ದಿನದಂದು ಒಬ್ಬೊಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ದೇವರ ಮಹತ್ಕಾರ್ಯಗಳನ್ನು ಕೇಳುವಂತೆ ಮಾಡಿದ ಪವಿತ್ರಾತ್ಮರು, ನಮ್ಮ ಜನರ ಮಾತನ್ನು ಕೇಳುವ ಕಿವಿಯನ್ನೂ ಅದಕ್ಕೆ ಸತ್ಯವಾಗಿ ಉತ್ತರಿಸುವ ನಾಲಿಗೆಯನ್ನೂ ನಮ್ಮೆಲ್ಲರಿಗೆ ದಯಪಾಲಿಸಲಿ. ನಿಮ್ಮೆಲ್ಲರಿಗೂ ಪವಿತ್ರಾತ್ಮರ ಹಬ್ಬದ ಶುಭಾಶಯಗಳು.